ಯಾರಿವನು ಅಂತ ಆಮೇಲೆ ಕೇಳೋಣ

(ಹಳೇ ಕಪ್ಪು-ಬಿಳುಪು ಫೋಟೊಗಳನ್ನು ಓದುವುದರ ಬಗ್ಗೆ ಕೊಟ್ಟ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲು ಪರದೆ ಮೇಲಿರುವ ಈ ಫೋಟೊ ನೋಡಿ. ಸುಮ್ನೆ ನೋಡಿ, ಅವಸರ ಏನಿಲ್ಲ.

ಒಬ್ಬ ಯುವಕ ನಿಂತಿದ್ದಾನೆ. ಕಪ್ಪು ಕೋಟು ತೊಟ್ಟಿದ್ದಾನೆ. ಕಣ್ಣು ಹೆಚ್ಚುಕಡಿಮೆ ಬೆಳ್ಳಗೇ ಇದೆ, ನಡುವೆ ಸಣ್ಣದೊಂದು ಕಪ್ಪು ಚುಕ್ಕೆ ಬಿಟ್ಟರೆ. ಮೂಗು, ಕೆನ್ನೆಗಳ ಮೇಲೆ ಮಸಿ ಸಿಡಿದ ಹಾಗೆ ಕಲೆಗಳು. ಮುಖದಲ್ಲಿ ನಗು ಇಲ್ಲ, ಸಿಟ್ಟೂ ಇಲ್ಲ. ಒಂದು ಕೈಯನ್ನು ಕುರ್ಚಿ ಮೇಲೆ ಊರಿದ್ದಾನೆ, ಅದು ಸ್ಪಷ್ಟವಾಗಿ ಬಂದಿದೆ. ಇನ್ನೊಂದು ಕೈ ಮಸುಕು ಮಸುಕು. ಅದರಲ್ಲಿ ಏನನ್ನೋ ಹಿಡಿದಿದ್ದಾನೆ. ಬೂಟಿನ ಹಿಂದೆ, ನೆಲದ ಮೇಲೆ, ಕಬ್ಬಿಣದ ಕಾಲಿನಂಥದ್ದೊಂದು ಇಣುಕುತ್ತಿದೆ. ಫೋಟೊ ಹಿಂದೆ ಹೆಸರಿಲ್ಲ, ಊರಿಲ್ಲ, ತಾರೀಕಿಲ್ಲ. ಹಳೇ ಚಿತ್ರಗಳ ಕಟ್ಟೊಂದರ ಜೊತೆ ನನ್ನ ಕೈಗೆ ಬಂತು, ಅಷ್ಟೇ.

ಇವನು ಯಾರಿರಬಹುದು ಅಂತ ಯಾರನ್ನು ಕೇಳಿದರೂ ಉತ್ತರ ರೆಡಿ ಇರುತ್ತದೆ. ಕುರುಡ ಅನ್ನುತ್ತಾರೆ. ಸಿಡುಬು ಬಂದು ಹೋದವನು ಅನ್ನುತ್ತಾರೆ. ಜಾದೂಗಾರ, ಹುಚ್ಚ, ನಾಟಕದವನು ಅನ್ನುವವರಿದ್ದಾರೆ. ಈಗ ಇಲ್ಲೇ ಮೂರನೇ ಸಾಲಿನಲ್ಲಿ ಒಬ್ಬರು ಪಿಸುಗುಟ್ಟಿದರು, ಸತ್ತವನನ್ನು ನಿಲ್ಲಿಸಿ ತೆಗೆದ ಫೋಟೊ ಅಂತ. ಕೋಟಿನ ಗುಂಡಿ ಗಮನಿಸಿದ ಇನ್ನೊಬ್ಬರು, ಇದು ಗಂಡುಡುಗೆ ತೊಟ್ಟ ಹೆಂಗಸು ಅಂದರು. ಆ ಕಣ್ಣು ಮೆಚ್ಚಬೇಕು. ಗುಂಡಿ ನೋಡುವವರು ಕಡಿಮೆ.

ನನ್ನ ಕೋರಿಕೆ ಇಷ್ಟೇ. "ಯಾರು" ಅನ್ನುವ ಪ್ರಶ್ನೆಯನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡೋಣ. ಈ ವಿಚಿತ್ರಗಳಲ್ಲಿ ಎಷ್ಟು ಆ ಮನುಷ್ಯನವು, ಎಷ್ಟು ಕ್ಯಾಮೆರಾದವು, ಎಷ್ಟು ನಮ್ಮವು, ಅದನ್ನು ಮೊದಲು ಬಿಡಿಸೋಣ. ಹಾಗೆ ಬಿಡಿಸುತ್ತಾ ಹೋದರೆ ಮನುಷ್ಯನ ಪಾಲಿಗೆ ಉಳಿಯುವ ವಿಚಿತ್ರ ತುಂಬ ಕಡಿಮೆ ಅನ್ನುವುದೇ ನಾನು ಇವತ್ತು ಹೇಳಬೇಕೆಂದಿರುವ ಮಾತು.

ಮೊದಲನೆಯದು, ಇದು ಕಾಗದ ಅಲ್ಲ. ಅಯಸ್ಕಾಂತ ಹಿಡಿದರೆ ಅಂಟಿಕೊಳ್ಳುತ್ತದೆ. ತೆಳುವಾದ ಕಬ್ಬಿಣದ ತಗಡು, ಮೇಲೆ ಕಪ್ಪು ಮೆರುಗೆಣ್ಣೆ, ಅದರ ಮೇಲೆ ಚಿತ್ರ. ಇದನ್ನು ಟಿನ್‌ಟೈಪ್ ಅಂತ ಕರೆಯುತ್ತಾರೆ, ಹೆಸರಿನಲ್ಲಿ ಮಾತ್ರ ತವರ. ಅಮೆರಿಕದಲ್ಲಿ ಇದರ ಪೇಟೆಂಟ್ ಆಗಿದ್ದು 1856ರಲ್ಲಿ. ಅಂದರೆ ಈ ಹುಡುಗ ಕ್ಯಾಮೆರಾ ಮುಂದೆ ನಿಂತದ್ದು ಅದಕ್ಕಿಂತ ಮೊದಲು ಆಗಿರುವ ಸಾಧ್ಯತೆ ತೀರ ಕಡಿಮೆ. ಮುಖ ನೋಡದೆ, ಬರೀ ತಗಡು ಮುಟ್ಟಿ ಇಷ್ಟು ಸಿಕ್ಕಿತು, ಅಲ್ವಾ?

ಇನ್ನೂ ಇದೆ. ಟಿನ್‌ಟೈಪಿಗೆ ಬೇರೆ ನೆಗೆಟಿವ್ ಇರುವುದಿಲ್ಲ. ಕ್ಯಾಮೆರಾದೊಳಗೆ ಕೂತು ಬೆಳಕು ಕಂಡ ತಗಡೇ ಗಿರಾಕಿಯ ಕೈಗೆ ಹೋಗುತ್ತದೆ. ಹಾಗಾಗಿ ಚಿತ್ರ ಎಡಬಲ ತಿರುಗಿರುತ್ತದೆ, ಕನ್ನಡಿಯಲ್ಲಿ ಕಂಡ ಹಾಗೆ. ಗಂಡಸರ ಕೋಟಿನಲ್ಲಿ ಎಡಭಾಗ ಬಲಭಾಗದ ಮೇಲೆ ಬರುವುದು ವಾಡಿಕೆ. ಈ ಚಿತ್ರದಲ್ಲಿ ಬಲಭಾಗ ಮೇಲೆ ಬಂದಿದೆ. ಚಿತ್ರವನ್ನು ತಿರುಗಿಸಿ ನೋಡಿ, ಎಲ್ಲ ಸರಿಹೋಗುತ್ತದೆ. ಗಂಡುಡುಗೆ ತೊಟ್ಟ ಹೆಂಗಸಿನ ಕಥೆಗೆ ಆಧಾರವಾಗಿದ್ದ ಗುಂಡಿ ಅಲ್ಲಿಗೆ ಕಳಚಿತು. ಹೆಂಗಸು ಇರಲಾರಳು ಅಂತ ನಾನು ಹೇಳುತ್ತಿಲ್ಲ. ಗುಂಡಿ ಅದಕ್ಕೆ ಸಾಕ್ಷಿ ಆಗುವುದಿಲ್ಲ ಅಂತ ಹೇಳುತ್ತಿದ್ದೇನೆ.

ಇದೇ ಎಡಬಲದ ಗೊಂದಲ ಅಮೆರಿಕದ ಒಬ್ಬ ದರೋಡೆಕೋರನ ಜೀವನಚರಿತ್ರೆಯನ್ನೇ ತಿರುಚಿತ್ತು. ಬಿಲ್ಲಿ ದ ಕಿಡ್ ಹೆಸರು ಕೇಳಿರುತ್ತೀರಿ. ಅವನದೆಂದು ಎಲ್ಲರೂ ಒಪ್ಪುವ ಟಿನ್‌ಟೈಪ್ ಒಂದಿದೆ, 1880ರ ಆಸುಪಾಸಿನದು. ಅದರಲ್ಲಿ ಪಿಸ್ತೂಲು ಅವನ ಎಡಸೊಂಟದಲ್ಲಿ ಕಾಣುತ್ತದೆ. ಅಷ್ಟಕ್ಕೇ ಅವನು ಎಡಚ ಅಂತ ಕಥೆ ಹಬ್ಬಿತು, ಜನ ಬಹಳ ಕಾಲ ನಂಬಿದರು. ಆದರೆ ಅದೇ ಚಿತ್ರದಲ್ಲಿ ಅವನು ವಿಂಚೆಸ್ಟರ್ 1873 ಬಂದೂಕು ಊರಿಕೊಂಡು ನಿಂತಿದ್ದಾನೆ. ಆ ಬಂದೂಕಿಗೆ ಗುಂಡು ತುಂಬುವ ಕಿಂಡಿ ಬಲಗಡೆ ಇರುತ್ತದೆ. ಚಿತ್ರದಲ್ಲಿ ಅದು ಎಡಗಡೆ ಇದೆ. ಚಿತ್ರ ತಿರುಗಿದೆ ಅನ್ನುವುದಕ್ಕೆ ಬೇರೆ ಪುರಾವೆ ಬೇಕಿಲ್ಲ. 2011ರಲ್ಲಿ ಆ ತಗಡು ಹರಾಜಿನಲ್ಲಿ 23 ಲಕ್ಷ ಡಾಲರಿಗೆ ಹೋಯಿತು. ಮನುಷ್ಯನ ಮುಖವನ್ನೇ ನೋಡುತ್ತಾ ಕೂತವರಿಗೆ ಬಂದೂಕಿನ ಕಿಂಡಿ ಕಾಣಲಿಲ್ಲ.

ಈಗ ಕಣ್ಣಿಗೆ ಬರೋಣ. ಈ ಫೋಟೊ ನೋಡಿದವರನ್ನು ಬೆಚ್ಚಿಬೀಳಿಸುವುದೇ ಆ ಕಣ್ಣು.

ಆ ಕಾಲದ ಪ್ಲೇಟುಗಳಿಗೆ, ಅಂದರೆ ಕ್ಯಾಮೆರಾದೊಳಗೆ ಚಿತ್ರ ಮೂಡುವ ತಗಡು, ಗಾಜುಗಳಿಗೆ, ನಮ್ಮ ಹಾಗೆ ಬಣ್ಣ ಕಾಣುತ್ತಿರಲಿಲ್ಲ. ನೀಲಿ, ನೇರಳೆ ಮತ್ತು ನಮಗೆ ಕಾಣದ ಅಲ್ಟ್ರಾವಯೊಲೆಟ್ ಬೆಳಕು, ಇಷ್ಟಕ್ಕೇ ಅವು ಸ್ಪಂದಿಸುತ್ತಿದ್ದವು. ಕೆಂಪು ಮತ್ತು ಹಳದಿ ಅವುಗಳ ಪಾಲಿಗೆ ಕತ್ತಲೆ. ನೀಲಿ ಬಣ್ಣದ್ದೆಲ್ಲ ಬಿಳಿಯಾಗಿ ಬರುತ್ತಿತ್ತು, ಕೆಂಪು ಹಳದಿ ಎಲ್ಲ ಕಪ್ಪಾಗಿ ಬರುತ್ತಿತ್ತು. ಹಳೇ ಫೋಟೊಗಳಲ್ಲಿ ಆಕಾಶ ಖಾಲಿ ಕಾಗದದ ಹಾಗಿರುವುದು ಅದಕ್ಕೇ. ಈ ಹುಡುಗನ ಕಣ್ಣು ತಿಳಿನೀಲಿ ಇದ್ದಿರಬೇಕು, ಅಷ್ಟೇ. ಎದುರಿಗೆ ನಿಂತು ನೋಡಿದ್ದರೆ ಯಾರೂ ಬೆಚ್ಚುತ್ತಿರಲಿಲ್ಲ. ಮುಖದ ಮೇಲಿನ ಮಸಿಯೂ ಅದೇ ಲೆಕ್ಕ. ಬಿಸಿಲಿಗೆ ಕೆಲವರ ಮುಖದಲ್ಲಿ ಕಂದು ಚುಕ್ಕೆಗಳೇಳುತ್ತವೆ. ನಮ್ಮ ಕಣ್ಣಿಗೆ ಅವು ತೆಳು. ಈ ಪ್ಲೇಟಿಗೆ ಅವು ಗಾಢ ಕಪ್ಪು. ಕಣ್ಣಿಗೆ ಕಾಣದಷ್ಟು ಮಸುಕಾದ ಚುಕ್ಕೆ ಕೂಡ ಇದರಲ್ಲಿ ಎದ್ದು ಬರುತ್ತದೆ. ಕುರುಡು ಹೋಯಿತು, ಸಿಡುಬೂ ಹೋಯಿತು.

ಈ ಸಮಸ್ಯೆ ಒಂದೇ ಸಲಕ್ಕೆ ಬಗೆಹರಿಯಲಿಲ್ಲ. 1873ರಲ್ಲಿ ಹರ್ಮನ್ ಫೋಗೆಲ್ ಎಂಬ ಜರ್ಮನ್ ರಸಾಯನ ವಿಜ್ಞಾನಿ, ಪ್ಲೇಟಿಗೆ ಕೆಲವು ಬಣ್ಣಗಳನ್ನು ಬೆರೆಸಿದರೆ ಅದು ಹಸಿರನ್ನೂ ನೋಡಬಲ್ಲದು ಅಂತ ಕಂಡುಕೊಂಡ. ಕೆಂಪನ್ನೂ ನೋಡಬಲ್ಲ ಪ್ಲೇಟುಗಳು ಮಾರುಕಟ್ಟೆಗೆ ಬಂದದ್ದು 1906ರಲ್ಲಿ. ಅವು ಎಲ್ಲರ ಕೈಗೆ ಬರಲು ಇನ್ನೂ ಕೆಲವು ದಶಕ ಹಿಡಿಯಿತು. ಹಾಗಾಗಿ ಇಪ್ಪತ್ತನೇ ಶತಮಾನದ ಮೊದಲ ಭಾಗದ ಎಷ್ಟೋ ಫೋಟೊಗಳಲ್ಲೂ ತುಟಿ ಕಪ್ಪು, ಕೆಂಪು ಬಟ್ಟೆ ಕಪ್ಪು. "ಕರಿ ಸೀರೆ ಉಟ್ಟಿದ್ದಾರೆ, ಏನೋ ಸಾವಾಗಿರಬೇಕು" ಅನ್ನುವ ಮೊದಲು ಆ ಸೀರೆ ಕೆಂಪಿರಬಹುದಾ ಅಂತ ಒಮ್ಮೆ ಕೇಳಿಕೊಳ್ಳಿ.

ಈ ಬಣ್ಣಗುರುಡನ್ನೇ ಬಳಸಿಕೊಂಡು ಕಥೆ ಕಟ್ಟಿದ ಒಬ್ಬ ಮಹಾನುಭಾವ ಇದ್ದಾನೆ, ಅವನ ಬಗ್ಗೆ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಹಿಪೊಲೀಟ್ ಬಯಾರ್, ಫ್ರಾನ್ಸಿನವನು. ಕಾಗದದ ಮೇಲೆ ಫೋಟೊ ಮೂಡಿಸುವ ತನ್ನದೇ ವಿಧಾನ ಕಂಡುಹಿಡಿದಿದ್ದ. ಆದರೆ 1839ರಲ್ಲಿ ಸರ್ಕಾರದ ಮನ್ನಣೆ, ಹಣ, ಹೆಸರು ಎಲ್ಲ ಬೇರೊಂದು ವಿಧಾನ ಕಂಡುಹಿಡಿದ ಡಾಗೇರ್ ಪಾಲಾಯಿತು. 1840ರ ಅಕ್ಟೋಬರಿನಲ್ಲಿ ಬಯಾರ್ ಒಂದು ಫೋಟೊ ಮಾಡಿದ. ಬರಿಮೈಯ ಗಂಡಸು, ಸೊಂಟದ ಕೆಳಗೆ ಬಟ್ಟೆ ಹೊದ್ದು, ಕಣ್ಣು ಮುಚ್ಚಿ, ಒಂದು ಪಕ್ಕಕ್ಕೆ ವಾಲಿ ಕೂತಿದ್ದಾನೆ. ಮುಖ ಮತ್ತು ಕೈ ಮಾತ್ರ ಕಪ್ಪಗಿವೆ. ಹಿಂಬದಿಯಲ್ಲಿ ಬರಹ. ಈ ಹೆಣ ಬಯಾರನದು, ಸರ್ಕಾರ ಡಾಗೇರನಿಗೆ ಎಲ್ಲ ಕೊಟ್ಟು ಇವನಿಗೆ ಏನೂ ಕೊಡಲಿಲ್ಲ, ಅದಕ್ಕೇ ನೀರಿಗೆ ಬಿದ್ದು ಸತ್ತ, ನೋಡಿ ಮುಖ ಕೈ ಆಗಲೇ ಕೊಳೆಯುತ್ತಿವೆ, ಅನ್ನುವ ಅರ್ಥದ್ದು.

ಅದನ್ನು ಬರೆದವನು ಬಯಾರನೇ. ಹೆಣವೂ ಅವನೇ. ಆಮೇಲೆ 1887ರವರೆಗೂ ಬದುಕಿದ್ದ. ಮುಖ ಕೈ ಕಪ್ಪಾಗಿದ್ದು ಬಿಸಿಲಿಗೆ ಕಂದಿದ ಚರ್ಮ ಆ ಕಾಗದಕ್ಕೆ ಕಪ್ಪಾಗಿ ಕಂಡದ್ದರಿಂದ. ಫೋಟೊಗ್ರಫಿಯ ಸುದ್ದಿ ಜಗತ್ತಿಗೆ ತಿಳಿದು ಇನ್ನೂ ಎರಡು ವರ್ಷವೂ ತುಂಬಿರಲಿಲ್ಲ, ಅಷ್ಟರಲ್ಲೇ ಅದು ಸುಳ್ಳು ಹೇಳುವುದನ್ನು ಕಲಿತಿತ್ತು. ಹಿಂಬದಿಯ ಬರಹ ಅಂದ ಕೂಡಲೇ ಕಣ್ಣಿಗೊತ್ತಿಕೊಳ್ಳುವವರು ಬಯಾರನನ್ನು ನೆನೆಯಬೇಕು. ಯಾರು ಬರೆದರು, ಯಾವಾಗ ಬರೆದರು, ಯಾಕೆ ಬರೆದರು ಅಂತ ಅದನ್ನೂ ಪ್ರಶ್ನೆ ಮಾಡಬೇಕು. ಮೊಮ್ಮಕ್ಕಳು ಅಂದಾಜಿನ ಮೇಲೆ ಗೀಚಿದ ಹೆಸರುಗಳು ಎಷ್ಟಿಲ್ಲ!

ಇನ್ನು ಆ ಕಬ್ಬಿಣದ ಕಾಲು. ಸತ್ತವನನ್ನು ನಿಲ್ಲಿಸಿದ ಸ್ಟ್ಯಾಂಡ್ ಅನ್ನುವ ಕಥೆ ಅಂತರ್ಜಾಲದಲ್ಲಿ ಎಷ್ಟು ಹರಿದಾಡಿದೆ ಅಂದರೆ, ಹಳೇ ಫೋಟೊದಲ್ಲಿ ಯಾರೋ ಸ್ವಲ್ಪ ಬಿಗಿಯಾಗಿ ನಿಂತಿದ್ದರೂ ಹೆಣ ಅಂತ ಷರಾ ಬೀಳುತ್ತದೆ. ಆ ಸ್ಟ್ಯಾಂಡ್ ನಿಜ. ಆದರೆ ಅದು ಇದ್ದದ್ದು ಬದುಕಿದ್ದವರಿಗೆ. ಭಾರವಾದ ಅಡಿ, ಮೇಲೆ ಒಂದು ಸರಳು, ತುದಿಯಲ್ಲಿ ತಲೆಯ ಹಿಂಭಾಗಕ್ಕೆ ತಾಗುವ ಕವೆ. ಪ್ಲೇಟಿಗೆ ಬೆಳಕು ಸಾಲಬೇಕಾದರೆ ಕೆಲವು ಸೆಕೆಂಡು ಅಲ್ಲಾಡದೆ ನಿಲ್ಲಬೇಕಿತ್ತು. ತಲೆ ತೂಗಾಡದಿರಲಿ ಅಂತ ಆ ಆಸರೆ. ಒಂದು ಹೆಣದ ಭಾರ ಹೊರುವ ತಾಕತ್ತು ಅದಕ್ಕೆ ಇರಲೇ ಇಲ್ಲ. ಸತ್ತವರ ಫೋಟೊ ತೆಗೆಯುತ್ತಿದ್ದದ್ದು ಹೌದು, ಅದರಲ್ಲೂ ಮಕ್ಕಳದು. ಬೇರೆ ಫೋಟೊನೇ ಇಲ್ಲದ ಮಗು ತೀರಿಕೊಂಡರೆ ತಾಯ್ತಂದೆ ಇನ್ನೇನು ಮಾಡಬೇಕು? ಆದರೆ ಹಾಸಿಗೆ ಮೇಲೆ ಮಲಗಿಸಿ, ಪೆಟ್ಟಿಗೆಯಲ್ಲಿಟ್ಟು, ಇಲ್ಲವೇ ತಾಯಿಯ ತೊಡೆ ಮೇಲೆ ಇಟ್ಟು ತೆಗೆಯುತ್ತಿದ್ದರು.

ಇನ್ನೊಂದು ಮಾತು. ಸತ್ತವರು ಅಲ್ಲಾಡುವುದಿಲ್ಲ, ಹಾಗಾಗಿ ಮಸುಕಾಗುವುದಿಲ್ಲ. ನಮ್ಮ ಹುಡುಗನ ಒಂದು ಕೈ ಮಸುಕಾಗಿದೆ. ತಡೆಯಲಾಗದೆ ಅಲ್ಲಾಡಿಸಿಬಿಟ್ಟ. ಇವನು ಬದುಕಿದ್ದ ಅನ್ನುವುದಕ್ಕೆ ಈ ಚಿತ್ರದಲ್ಲಿ ಅದಕ್ಕಿಂತ ಗಟ್ಟಿ ಸಾಕ್ಷಿ ಇಲ್ಲ.

ಎಕ್ಸ್‌ಪೋಷರ್ ಸಮಯ, ಅಂದರೆ ಪ್ಲೇಟು ಬೆಳಕಿಗೆ ತೆರೆದಿರುವ ಹೊತ್ತು, ಮನುಷ್ಯರನ್ನು ಪೂರ್ತಿ ಮಾಯ ಮಾಡಿದ ಉದಾಹರಣೆಯೂ ಇದೆ. ಡಾಗೇರ್ 1838ರಲ್ಲಿ ಪ್ಯಾರಿಸ್ಸಿನ ಒಂದು ಬೀದಿಯನ್ನು ಮೇಲಿನ ಕಿಟಕಿಯಿಂದ ತೆಗೆದ. ಗಾಡಿ, ಕುದುರೆ, ಜನ ತುಂಬಿ ಓಡಾಡುವ ಬೀದಿ. ಚಿತ್ರದಲ್ಲಿ ಅದು ಹಾಳುಬಿದ್ದ ಹಾಗಿದೆ. ಪ್ಲೇಟು ಕೆಲವು ನಿಮಿಷಗಳ ಕಾಲ ಬೆಳಕಿಗೆ ತೆರೆದಿತ್ತು, ಓಡಾಡುವವರು ಯಾರೂ ಅದರಲ್ಲಿ ನಿಲ್ಲಲಿಲ್ಲ. ಕೆಳಗೆ ಎಡಮೂಲೆಯಲ್ಲಿ ಒಬ್ಬ ಮಾತ್ರ ಕಾಣುತ್ತಾನೆ. ಬೂಟಿಗೆ ಪಾಲಿಶ್ ಹಾಕಿಸಿಕೊಳ್ಳುತ್ತಾ ನಿಂತಿದ್ದ, ಅದಕ್ಕೇ ಉಳಿದುಕೊಂಡ. ಫೋಟೊದಲ್ಲಿ ಸಿಕ್ಕಿದ ಮೊದಲ ಮನುಷ್ಯ ಅಂತ ಅವನನ್ನು ಹೇಳುತ್ತಾರೆ. ಪಾಲಿಶ್ ಮಾಡುವವನದು ಬರೀ ಮಸುಕು. ಕೆಲಸ ಮಾಡುವವನ ಕೈ ನಿಂತಿದ್ದರೆ ತಾನೇ!

ಮುಖಭಾವದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಯಾಕೆಂದರೆ ಅದರಿಂದ ಸಿಗುವುದೂ ಕಡಿಮೆ. ರಷ್ಯಾದ ಸಿನಿಮಾ ನಿರ್ದೇಶಕ ಲೆವ್ ಕುಲೆಶೋವ್ ಒಬ್ಬ ನಟನ ಭಾವವಿಲ್ಲದ ಮುಖದ ಒಂದೇ ತುಣುಕನ್ನು ಬೇರೆ ಬೇರೆ ದೃಶ್ಯಗಳ ಜೊತೆ ಜೋಡಿಸಿ ತೋರಿಸಿದ. ಸೂಪಿನ ತಟ್ಟೆಯ ಪಕ್ಕ ಅದೇ ಮುಖ ಹಸಿದಂತೆ ಕಂಡಿತು. ಶವಪೆಟ್ಟಿಗೆಯ ಪಕ್ಕ ದುಃಖದಲ್ಲಿದ್ದಂತೆ ಕಂಡಿತು. ಈ ಹುಡುಗನ ಮುಖದ ಪಕ್ಕ "ಕೊಲೆಗಾರ" ಅಂತ ಬರೆದರೆ ನಿಮಗೆ ಕ್ರೌರ್ಯ ಕಾಣುತ್ತದೆ, "ಕವಿ" ಅಂತ ಬರೆದರೆ ವಿರಹ. ಅವನು ಆಗ ಯೋಚಿಸುತ್ತಿದ್ದದ್ದು ಬಹುಶಃ ಮೂಗು ತುರಿಸುತ್ತಿದೆ, ಇನ್ನೆಷ್ಟು ಹೊತ್ತಪ್ಪಾ ಅಂತ ಇರಬಹುದು.

ಕಾಗದದ ಫೋಟೊ ಆಗಿದ್ದರೆ ಕೆಲಸ ಇನ್ನೂ ಸುಲಭ. ಸುಮಾರು 64 ಮಿ.ಮೀ. ಅಗಲ 100 ಮಿ.ಮೀ. ಎತ್ತರದ ರಟ್ಟಿನ ಮೇಲೆ ಅಂಟಿಸಿದ ಫೋಟೊ ಸಿಕ್ಕಿದರೆ ಅದು 1854ರಲ್ಲಿ ಪ್ಯಾರಿಸ್ಸಿನ ಡಿಸ್ಡೇರಿ ಪೇಟೆಂಟ್ ಪಡೆದ ಅಳತೆ. ಅದು ಮನೆಮನೆಗೂ ಹಬ್ಬಿದ್ದು ಮುಂದಿನ ದಶಕದಲ್ಲಿ. ಹಿಂದೆ ಅಮೆರಿಕದ ತೆರಿಗೆ ಸ್ಟಾಂಪು ಅಂಟಿಸಿದ್ದರೆ ಇನ್ನೂ ಚೆಂದ. ಅಂತರ್ಯುದ್ಧದ ಖರ್ಚಿಗಾಗಿ ಅಲ್ಲಿ 1864ರ ಸೆಪ್ಟೆಂಬರ್ 1ರಿಂದ 1866ರ ಆಗಸ್ಟ್ 1ರವರೆಗೆ ಮಾತ್ರ ಫೋಟೊಗಳಿಗೆ ತೆರಿಗೆ ಇತ್ತು. ಒಂದು ಚೂರು ಸ್ಟಾಂಪು ನಿಮ್ಮನ್ನು ಎರಡು ವರ್ಷದೊಳಗೆ ತಂದು ನಿಲ್ಲಿಸುತ್ತದೆ. ಕತ್ತಲೆ ಕೋಣೆಯಲ್ಲಿ ಅಲ್ಟ್ರಾವಯೊಲೆಟ್ ಟಾರ್ಚ್ ಹಾಕಿದಾಗ ಕಾಗದ ನೀಲಿಯಾಗಿ ಹೊಳೆದರೆ, ಆ ಪ್ರಿಂಟು ಹೆಚ್ಚಾಗಿ 1950ರ ನಂತರದ್ದು. ಕಾಗದಕ್ಕೆ ಹೊಳಪಿನ ರಾಸಾಯನಿಕ ಸೇರಿಸಲು ಶುರುಮಾಡಿದ್ದು ಆಗ. ನೆಗೆಟಿವ್ ಅದಕ್ಕಿಂತ ಹಳೆಯದಿರಬಹುದು, ನೆನಪಿರಲಿ. ಅಜ್ಜನ ಫೋಟೊವನ್ನು ಮೊಮ್ಮಗ ಮತ್ತೆ ಪ್ರಿಂಟು ಹಾಕಿಸುವುದಿಲ್ವಾ, ಹಾಗೆ.

ಇನ್ನು ಇದರ ಆಚೆಗಿನ ಮಾತು. ಚಿತ್ರ ಸರಿಯಾಗೇ ಇದೆ, ಪ್ಲೇಟಿನ ಮೋಸ ಇಲ್ಲ, ಆದರೂ ಅದರೊಳಗಿನ ವ್ಯಕ್ತಿ ಆ ಕಾಲಕ್ಕೆ ಸೇರಿದವನಲ್ಲ ಅನ್ನಿಸುತ್ತದೆ. ಅಂಥ ಒಂದು ಫೋಟೊ 2010ರಲ್ಲಿ ಜಗತ್ತೆಲ್ಲ ಸುತ್ತಿತು. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಗೋಲ್ಡ್ ಬ್ರಿಡ್ಜ್ ಅಂತ ಊರು. ಪ್ರವಾಹಕ್ಕೆ ಕೊಚ್ಚಿಹೋಗಿದ್ದ ಸೇತುವೆಯ ಮರುಉದ್ಘಾಟನೆಯ ಫೋಟೊ ಅದು, 1941ರದು. ಸುತ್ತ ಹ್ಯಾಟು, ಕೋಟು ಹಾಕಿಕೊಂಡ ಜನ. ನಡುವೆ ಒಬ್ಬ ಎತ್ತರದ ಹುಡುಗ. ಕೂಲಿಂಗ್ ಗ್ಲಾಸ್ ಹಾಕಿದ್ದಾನೆ, ಎದೆ ಮೇಲೆ ಅಕ್ಷರ ಇರುವ ಅಂಗಿ, ಕೈಯಲ್ಲಿ ಪುಟ್ಟ ಕ್ಯಾಮೆರಾ. ಭವಿಷ್ಯದಿಂದ ಬಂದವನು ಅಂತ ಜನ ತೀರ್ಮಾನ ಮಾಡಿಯೇಬಿಟ್ಟರು.

ಒಂದೊಂದಾಗಿ ನೋಡಿ. ಕೂಲಿಂಗ್ ಗ್ಲಾಸ್ 1920ರ ದಶಕದ ಕೊನೆಗೇ ಅಂಗಡಿಗೆ ಬಂದಿತ್ತು. ಅಂಗಿ ಅಂತ ಕಾಣುವುದು ಉಣ್ಣೆಯ ಸ್ವೆಟರ್, ಮೇಲೆ ಬಟ್ಟೆಯ ಅಕ್ಷರ ಹೊಲಿದದ್ದು. ಆಟದ ತಂಡಗಳ ಅಂಥ ಸ್ವೆಟರ್ ಆಗ ಸಾಮಾನ್ಯ. ಇದು ಮಾಂಟ್ರಿಯಲ್ ಮರೂನ್ಸ್ ಎಂಬ ಐಸ್ ಹಾಕಿ ತಂಡದ್ದಿರಬಹುದು ಅಂತ ಕೆಲವರ ಅಂದಾಜು. ಮಡಚುವ ಪುಟ್ಟ ಕ್ಯಾಮೆರಾವನ್ನು ಕೊಡಾಕ್ ದಶಕಗಳಿಂದ ಮಾರುತ್ತಿತ್ತು. ಅವನ ಮೈಮೇಲೆ 1941ರಲ್ಲಿ ಸಿಗದ ಒಂದೇ ಒಂದು ವಸ್ತು ಇಲ್ಲ. ಉಳಿದವರು ಸಮಾರಂಭಕ್ಕೆ ಅಂತ ಡ್ರೆಸ್ ಮಾಡಿಕೊಂಡು ಬಂದಿದ್ದಾರೆ, ಇವನು ಸುಮ್ನೆ ಬಂದಿದ್ದಾನೆ. ನನಗೆ ಇದಕ್ಕಿಂತ ಮುಖ್ಯವಾಗಿ ಕಾಣುವುದು ಅಕ್ಕಪಕ್ಕದವರು. ಯಾರೂ ಅವನನ್ನು ಬಾಯಿ ಬಿಟ್ಟುಕೊಂಡು ನೋಡುತ್ತಿಲ್ಲ. ಅವನ ಜೊತೆ ಬಿಸಿಲಿನಲ್ಲಿ ನಿಂತವರಿಗೆ ಅವನು ವಿಚಿತ್ರ ಅನ್ನಿಸಲಿಲ್ಲ. ಎಪ್ಪತ್ತು ವರ್ಷ ಆದ ಮೇಲೆ ನಮಗೆ ಅನ್ನಿಸಿತು. ಆ ಕಾಲದವರು ಎಲ್ಲರೂ ಒಂದೇ ಥರ ಇದ್ದರು ಅಂತ ನಾವೇ ಮನಸ್ಸಿನಲ್ಲಿ ಕಟ್ಟಿಕೊಂಡಿದ್ದೆವು, ಅವನು ಅದಕ್ಕೆ ಹೊಂದಲಿಲ್ಲ.

ಮುಖ ಹುಡುಕುವ ಚಟ ಎಲ್ಲಿಗೆ ಒಯ್ಯುತ್ತದೆ ಅನ್ನುವುದಕ್ಕೆ ಇನ್ನೊಂದು ಕಥೆ ಹೇಳುತ್ತೇನೆ. ವಿಮಾನ ಹಾರಿಸುತ್ತಿದ್ದ ಅಮೇಲಿಯಾ ಇಯರ್‌ಹಾರ್ಟ್ 1937ರ ಜುಲೈ 2ರಂದು ಪೆಸಿಫಿಕ್ ಸಾಗರದ ಮೇಲೆ ಕಾಣೆಯಾದಳು. ಜೊತೆಗಿದ್ದವನು ಫ್ರೆಡ್ ನೂನನ್. 2017ರಲ್ಲಿ ಒಂದು ಟಿವಿ ಸಾಕ್ಷ್ಯಚಿತ್ರ ಅಮೆರಿಕದ ರಾಷ್ಟ್ರೀಯ ಪತ್ರಾಗಾರದಲ್ಲಿದ್ದ ಒಂದು ಕಪ್ಪು-ಬಿಳುಪು ಫೋಟೊ ತೋರಿಸಿತು. ಮಾರ್ಷಲ್ ದ್ವೀಪಗಳ ಜಾಲೂಟ್ ಬಂದರಿನ ಕಟ್ಟೆ. ಕಟ್ಟೆಯ ತುದಿಯಲ್ಲಿ ನಮಗೆ ಬೆನ್ನು ಹಾಕಿ ಯಾರೋ ಕೂತಿದ್ದಾರೆ, ಕೂದಲು ಗಿಡ್ಡ. ಇವಳೇ ಅಮೇಲಿಯಾ, ಅಲ್ಲಿ ನಿಂತವನು ನೂನನ್, ಹಿಂದಿನ ಹಡಗು ಎಳೆಯುತ್ತಿರುವುದು ಅವಳ ವಿಮಾನ ಅಂತ ವಾದ. ನೂನನ್ ಕೂದಲಿನ ಅಂಚು, ಮೂಗು ಎಲ್ಲ ಅಳೆದರು. ಬೆನ್ನಿನ ಉದ್ದ ಕೂಡ ಅಳೆದರು. ಬೆನ್ನು ನೋಡಿ ಗುರುತು ಹಿಡಿದರು ಅಂದರೆ ಆಸೆಗೆ ಎಷ್ಟು ಬಲ ನೋಡಿ.

ಟೋಕಿಯೊದಲ್ಲಿ ಕೋಟಾ ಯಮಾನೊ ಅಂತ ಯುದ್ಧದ ಇತಿಹಾಸದ ಬಗ್ಗೆ ಬರೆಯುವವರಿದ್ದಾರೆ. ಅವರು ಮೂಗು ಅಳೆಯಲಿಲ್ಲ. ಜಪಾನಿನ ರಾಷ್ಟ್ರೀಯ ಗ್ರಂಥಾಲಯದ ಡಿಜಿಟಲ್ ಸಂಗ್ರಹದಲ್ಲಿ ಜಾಲೂಟ್ ಅಂತ ಹುಡುಕಿದರು. ಸುಮಾರು ಅರ್ಧ ಗಂಟೆಯಲ್ಲಿ ಅದೇ ಫೋಟೊ ಸಿಕ್ಕಿತು. ದಕ್ಷಿಣ ಸಮುದ್ರದ ದ್ವೀಪಗಳ ಬಗೆಗಿನ ಪ್ರವಾಸದ ಪುಸ್ತಕವೊಂದರಲ್ಲಿ ಅಚ್ಚಾಗಿತ್ತು. ಪುಸ್ತಕ ಪ್ರಕಟವಾಗಿದ್ದು 1935ರ ಅಕ್ಟೋಬರಿನಲ್ಲಿ, ಅಮೇಲಿಯಾ ಕಾಣೆಯಾಗುವುದಕ್ಕೆ ಸುಮಾರು ಎರಡು ವರ್ಷ ಮೊದಲು. ಮುಗಿಯಿತು. ಅಲ್ಲಿ ಕೂತದ್ದು ಯಾರೋ ಏನೋ, ಸಂಜೆಯೋ ಬೆಳಗೋ ಕಟ್ಟೆ ಮೇಲೆ ಕೂತಿದ್ದರು, ಅಷ್ಟೇ. ಮುಖದ ಹಿಂದೆ ಬೀಳುವುದಕ್ಕಿಂತ ಫೋಟೊದ ಹಿಂದೆ ಬೀಳುವುದು ಒಳ್ಳೆಯದು ಅನ್ನುವುದಕ್ಕೆ ನಾನು ಇದಕ್ಕಿಂತ ಒಳ್ಳೆ ಉದಾಹರಣೆ ಕಂಡಿಲ್ಲ. ಈ ಚಿತ್ರ ಬೇರೆ ಎಲ್ಲಾದರೂ ಅಚ್ಚಾಗಿದೆಯಾ? ಯಾವ ಜಾಗ? ಯಾರ ಪೆಟ್ಟಿಗೆಯಿಂದ ಬಂತು? ಇವು ಬೇಸರದ ಪ್ರಶ್ನೆಗಳು. ಆದರೆ ಉತ್ತರ ಸಿಗುವುದು ಇವಕ್ಕೇ.

ಎಲ್ಲ ಸಲವೂ ಹೀಗೆ ಚಿಟಿಕೆ ಹೊಡೆದ ಹಾಗೆ ಮುಗಿಯುವುದಿಲ್ಲ. 1936ರ ಜೂನ್ 13, ಹ್ಯಾಂಬರ್ಗಿನ ಬ್ಲೋಮ್ ಉಂಡ್ ಫಾಸ್ ಹಡಗುಕಟ್ಟೆ. ಹೋರ್ಸ್ಟ್ ವೆಸೆಲ್ ಎಂಬ ತರಬೇತಿ ಹಡಗನ್ನು ನೀರಿಗಿಳಿಸುವ ಸಮಾರಂಭ. ನೂರಾರು ಕೆಲಸಗಾರರು ಕೈ ಚಾಚಿ ನಾತ್ಸಿ ಸೆಲ್ಯೂಟ್ ಹೊಡೆಯುತ್ತಿದ್ದಾರೆ. ಒಬ್ಬ ಮಾತ್ರ ಕೈ ಕಟ್ಟಿ ನಿಂತಿದ್ದಾನೆ. ಈ ಫೋಟೊ ನೀವು ನೋಡಿರುತ್ತೀರಿ, ಅವನ ತಲೆ ಸುತ್ತ ಒಂದು ವೃತ್ತ ಹಾಕಿರುತ್ತಾರೆ. (ಆ ಹಡಗು ಇವತ್ತಿಗೂ ತೇಲುತ್ತಿದೆ. ಯುದ್ಧ ಮುಗಿದ ಮೇಲೆ ಅಮೆರಿಕದವರು ಒಯ್ದರು, ಈಗ ಅದರ ಹೆಸರು ಈಗಲ್.)

1991ರಲ್ಲಿ ಒಂದು ಜರ್ಮನ್ ಪತ್ರಿಕೆ ಈ ಫೋಟೊ ಅಚ್ಚು ಹಾಕಿತು. ಐರೀನ್ ಎಕ್ಲರ್ ಎಂಬಾಕೆ, ಇವರು ನಮ್ಮಪ್ಪ ಆಗಸ್ಟ್ ಲಾಂಡ್‌ಮೆಸರ್ ಅಂದರು. ಅವರಪ್ಪ ಕೆಲಸ ಸಿಗಲಿ ಅಂತ ನಾತ್ಸಿ ಪಕ್ಷ ಸೇರಿದ್ದವನು. ಇರ್ಮಾ ಎಕ್ಲರ್ ಎಂಬ ಯಹೂದಿ ಹೆಣ್ಣನ್ನು ಪ್ರೀತಿಸಿದ, ಪಕ್ಷದಿಂದ ಹೊರಬಿದ್ದ, ಜೈಲಿಗೆ ಹೋದ. ಅವಳನ್ನು 1942ರಲ್ಲಿ ಕೊಂದರು. ಅವನು 1944ರಲ್ಲಿ ಯುದ್ಧದಲ್ಲಿ ಸತ್ತ. ಇನ್ನೊಂದು ಕುಟುಂಬ ಇದೆ. ಅವರ ಪ್ರಕಾರ ಆ ಕೈಕಟ್ಟಿ ನಿಂತವನು ಗುಸ್ಟಾವ್ ವೆಗರ್ಟ್, ಅದೇ ಹಡಗುಕಟ್ಟೆಯಲ್ಲಿ ಲೋಹದ ಕೆಲಸ ಮಾಡುತ್ತಿದ್ದ, ಕ್ರೈಸ್ತ ನಂಬಿಕೆಯಿಂದಾಗಿ ಆ ಸೆಲ್ಯೂಟ್ ಹೊಡೆಯುತ್ತಿರಲಿಲ್ಲ. ಎರಡೂ ಮನೆಯವರ ಬಳಿ ಫೋಟೊಗಳಿವೆ, ಎರಡರಲ್ಲೂ ಹೋಲಿಕೆ ಇದೆ. ತೀರ್ಪು ಆಗಿಲ್ಲ.

ಒಬ್ಬನಿಗೆ ಪ್ರೀತಿ, ಇನ್ನೊಬ್ಬನಿಗೆ ದೇವರು. ಕಟ್ಟಿದ ಕೈ ಮಾತ್ರ ಒಂದೇ. ಇಂಥ ಕಡೆ ತಮಾಷೆಗೆ ಹೆಸರು ಹಚ್ಚುವ ಹಾಗಿಲ್ಲ. ಒಂದು ಮನೆಯ ನೆನಪನ್ನು ಕಿತ್ತು ಇನ್ನೊಂದು ಮನೆಗೆ ಕೊಟ್ಟ ಹಾಗಾಗುತ್ತದೆ. ನನ್ನನ್ನು ಕೇಳಿದರೆ, ಶೀರ್ಷಿಕೆಯಲ್ಲಿ ಎರಡೂ ಹೆಸರು ಹಾಕಬೇಕು, ಇಲ್ಲವೇ ಎರಡೂ ಬೇಡ. ಅಂತರ್ಜಾಲದಲ್ಲಿ ಹೆಚ್ಚಾಗಿ ಒಂದೇ ಹೆಸರು ಓಡಾಡುತ್ತಿದೆ, ಯಾಕೆಂದರೆ ಪ್ರೇಮಕಥೆಗೆ ಗಿರಾಕಿ ಜಾಸ್ತಿ.

ಹಾಗಾದರೆ ನಮ್ಮ ಟಿನ್‌ಟೈಪ್ ಹುಡುಗನ ಬಗ್ಗೆ ಏನು ಹೇಳಬಹುದು? ಹೆಚ್ಚಾಗಿ 1856ರ ನಂತರದವನು. ತಿಳಿಗಣ್ಣಿನವನು. ಬಿಸಿಲಿಗೆ ಚುಕ್ಕೆ ಏಳುವ ಮೈಬಣ್ಣ. ಆಸರೆಯ ಸ್ಟ್ಯಾಂಡ್ ಇಟ್ಟಿದ್ದ ಸ್ಟುಡಿಯೊಗೆ ಹೋದವನು, ಅಂದರೆ ದಾರಿಹೋಕ ಫೋಟೊಗ್ರಾಫರ್ ಗಡಿಬಿಡಿಯಲ್ಲಿ ತೆಗೆದದ್ದಲ್ಲ ಅನ್ನಿಸುತ್ತದೆ. ಚಿತ್ರ ಎಡಬಲ ತಿರುಗಿರುವುದರಿಂದ ಕುರ್ಚಿ ಮೇಲೆ ಊರಿದ ಕೈ ನಮಗೆ ಎಡಗೈಯಾಗಿ ಕಂಡರೆ ಅದು ಬಲಗೈ, ಬಲಗೈಯಾಗಿ ಕಂಡರೆ ಎಡಗೈ. ಕೋಟಿನ ತೋಳು ಮಣಿಕಟ್ಟು ದಾಟಿ ಬಂದಿದೆ, ಭೂತಗನ್ನಡಿಯಲ್ಲಿ ನೋಡಿದರೆ ತೋಳಿನಂಚು ಒಳಗೆ ಮಡಚಿರುವುದು ಕಾಣುತ್ತದೆ. ಅಣ್ಣನದೋ ಸ್ಟುಡಿಯೊದವರದೋ ಇರಬಹುದು, ಅಥವಾ ಬೆಳೆಯುವ ಹುಡುಗ ಅಂತ ದೊಡ್ಡದು ಹೊಲಿಸಿರಬಹುದು. ಮಸುಕಾದ ಕೈಯಲ್ಲಿದ್ದದ್ದು ಟೋಪಿಯೋ, ಬಟ್ಟೆಯೋ, ಯಾವುದೋ ಪ್ರಾಣಿಯೋ, ಚಿತ್ರದಲ್ಲಿ ಅದು ದಾಖಲಾಗಿಲ್ಲ. ಬರೆಯುವಾಗ "ಕೈಯಲ್ಲಿ ಅಸ್ಪಷ್ಟ ವಸ್ತು" ಅಂತಲೇ ಬರೆಯಬೇಕು.

ಕೊನೆಗೆ ಒಬ್ಬರು ಒಳ್ಳೆ ಪ್ರಶ್ನೆ ಕೇಳಿದರು, ಅದನ್ನೂ ಸೇರಿಸುತ್ತೇನೆ. "ಸಾರ್, ಈಗ ಫೋನಿನಲ್ಲೇ ಆ್ಯಪ್‌ಗಳಿವೆ. ಮಸುಕಾದ ಮುಖವನ್ನು ಸ್ಪಷ್ಟ ಮಾಡುತ್ತವೆ, ಬಣ್ಣವನ್ನೂ ತುಂಬುತ್ತವೆ. ಅದನ್ನು ಬಳಸಿದರೆ ಯಾರು ಅಂತ ಗೊತ್ತಾಗುವುದಿಲ್ವಾ?"

ಗೊತ್ತಾಗುವುದಿಲ್ಲ. ಆ ಆ್ಯಪ್ ನಿಮ್ಮ ಫೋಟೊದಲ್ಲಿ ಅಡಗಿದ್ದ ಮುಖವನ್ನು ಹೊರಗೆ ತೆಗೆಯುವುದಿಲ್ಲ. ತಾನು ಮೊದಲು ನೋಡಿದ ಲಕ್ಷಾಂತರ ಮುಖಗಳ ಆಧಾರದ ಮೇಲೆ ಅಲ್ಲಿ ಹೊಂದುವ ಒಂದು ಮುಖವನ್ನು ಹೊಸದಾಗಿ ಬರೆಯುತ್ತದೆ. 2020ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದವರು ಮಾಡಿದ ಪಲ್ಸ್ ಎಂಬ ಪ್ರೋಗ್ರಾಮಿಗೆ ಬರಾಕ್ ಒಬಾಮಾ ಅವರ ಮಸುಕು ಮಾಡಿದ ಚಿತ್ರ ಕೊಟ್ಟರು. ನಾವು ನೀವು ನೋಡಿದ ಕೂಡಲೇ ಒಬಾಮಾ ಅನ್ನುವಂಥ ಚಿತ್ರ. ಅದು ಒಬ್ಬ ಬಿಳಿ ಗಂಡಸಿನ ಸ್ಪಷ್ಟ ಮುಖವನ್ನು ವಾಪಸು ಕೊಟ್ಟಿತು. ಬಣ್ಣದ ಕಥೆಯೂ ಅಷ್ಟೇ. ಆಗಲೇ ಹೇಳಿದೆನಲ್ಲ, ಆ ಪ್ಲೇಟಿಗೆ ಕೆಂಪೂ ಕಪ್ಪು, ಹಳದಿಯೂ ಕಪ್ಪು, ಕಪ್ಪಂತೂ ಕಪ್ಪೇ. ಅದರಲ್ಲಿ ಕೋಟು ಯಾವ ಬಣ್ಣದ್ದು ಅಂತ ಆ್ಯಪ್ ಎಲ್ಲಿಂದ ತರುತ್ತದೆ? ಮನೆಯಲ್ಲಿ ಚೆಂದಕ್ಕೆ ಬಣ್ಣ ಹಾಕಿಸಿಟ್ಟುಕೊಳ್ಳಿ, ನನ್ನ ತಕರಾರಿಲ್ಲ. ಆದರೆ ಮೊದಲು ಮೂಲ ಫೋಟೊವನ್ನು ಮುಂದೆ, ಹಿಂದೆ, ಅಂಚು ಸಮೇತ ಸ್ಕ್ಯಾನ್ ಮಾಡಿ ಬೇರೆ ಫೈಲಿನಲ್ಲಿ ಇಡಿ. ಬಣ್ಣ ಹಾಕಿದ್ದನ್ನು ಯಾರಿಗಾದರೂ ಕಳಿಸುವಾಗ ಬಣ್ಣ ಹಾಕಿದ್ದು ಅಂತ ಅದರ ಮೇಲೇ ಬರೆಯಿರಿ, ಕೆಳಗಿನ ಶೀರ್ಷಿಕೆಯಲ್ಲಿ ಬೇಡ. ಫಾರ್ವರ್ಡ್ ಆಗುವಾಗ ಶೀರ್ಷಿಕೆ ಉದುರಿಹೋಗುತ್ತದೆ, ಚಿತ್ರ ಮಾತ್ರ ಮುಂದೆ ಹೋಗುತ್ತದೆ.